ಗುಂಡಿ ಡಬ್ಬಿಯೊಳಗಿನ ಹಲ್ಲು

ನಾನು ಒಂದು ವೆನೀರ್. ಹಾಗೆಂದರೆ ಏನಪ್ಪಾ ಎಂದು ಹುಬ್ಬೇರಿಸಬೇಡಿ, ಹೇಳುತ್ತೇನೆ. ಮುಕ್ಕಾದ, ಸವೆದ, ಕಪ್ಪಾದ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಪಿಂಗಾಣಿಯ ತೆಳು ಹೊದಿಕೆ ನಾನು. ಅಗಲದಲ್ಲಿ ಕಿರುಬೆರಳಿನ ಉಗುರಿನಷ್ಟು, ದಪ್ಪದಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಲ್ಲಿನ ಮೇಲೆ ಕೂತೆನೆಂದರೆ ಹಲ್ಲೇ ಆಗಿಬಿಡುತ್ತೇನೆ, ಪಕ್ಕದಲ್ಲಿ ಕೂತು ಮಾತಾಡುವವರಿಗೂ ಗೊತ್ತಾಗುವುದಿಲ್ಲ. ಸರಿಯಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳುವ ಕುಲ ನಮ್ಮದು. ನಾನು ಬಾಳಿದ್ದು ಒಂದು ತಿಂಗಳೂ ಇಲ್ಲ. ಹಾಳಾಗಿದ್ದು ಯಾತಕ್ಕೆ ಅಂತೀರಿ? ಕಬ್ಬು ಸಿಗಿದು ಹಾಳಾದೆನಾ, ಸೋಡಾ ಬಾಟಲಿ ಕಚ್ಚಿ ತೆರೆದು ಹಾಳಾದೆನಾ? ದಾರಕ್ಕೆ, ಸ್ವಾಮಿ. ಒಂದು ಎಳೆ ದಾರಕ್ಕೆ. ಈಗಲೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ಒಂದು ಡೆಂಟಲ್ ಕಾಲೇಜಿನ ಹಿಂಬದಿಯ ಲ್ಯಾಬಿನಲ್ಲಿ. ನನ್ನನ್ನು ಮಾಡಿದವನು ಶಾಂತವೀರ ಎಂಬ ಟೆಕ್ನೀಶಿಯನ್. ಊರಿಗೆಲ್ಲ ಮುತ್ತಿನಂಥ ಹಲ್ಲು ಮಾಡಿಕೊಡುವ ಆ ಪುಣ್ಯಾತ್ಮನ ಸ್ವಂತ ಹಲ್ಲು ಎಲೆಯಡಿಕೆ ತಿಂದು ತಿಂದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹಿಟ್ಟಿನಂಥ ಪಿಂಗಾಣಿ ಪುಡಿಯನ್ನು ನೀರಿನಲ್ಲಿ ಕಲಸಿ, ಕುಂಚದ ತುದಿಯಿಂದ ಪದರ ಪದರವಾಗಿ ಹಚ್ಚಿ, ಪುಟ್ಟ ಕುಲುಮೆಯಲ್ಲಿಟ್ಟು ಬೇಯಿಸಿದ. ನನಗಿಂತ ಮೊದಲು ಇಬ್ಬರು ಅಕ್ಕಂದಿರು ಹುಟ್ಟಿ ಸತ್ತಿದ್ದರು. ಮೊದಲನೆಯವಳು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾದಳಂತೆ, ಎರಡನೆಯವಳು ಹಳದಿ. ಮೂರನೆಯ ಸಲಕ್ಕೆ ನಾನು.

ಅಷ್ಟು ಸಲ ಮಾಡಿಸಿದವಳು ಸಫೀನಾ. ಹರಿಹರದ ಹುಡುಗಿ, ಕೊನೆಯ ವರ್ಷದ ಪಿ.ಜಿ. ವಿದ್ಯಾರ್ಥಿನಿ, ದಪ್ಪ ಕನ್ನಡಕ, ಯಾವಾಗಲೂ ಓಡುನಡಿಗೆ. ಪರೀಕ್ಷೆಯ ದಿನ ತಾನೇ ಚಿಕಿತ್ಸೆ ಮಾಡಿ ಮುಗಿಸಿದ ರೋಗಿಯನ್ನು ಪರೀಕ್ಷಕರ ಮುಂದೆ ಕೂರಿಸಬೇಕು. ಆ ಹಲ್ಲು ಚೆನ್ನಾಗಿದ್ದರೆ ಪಾಸು. ಸಫೀನಾ ಹಟಕ್ಕೆ ಬಿದ್ದು ಕಷ್ಟದ್ದನ್ನೇ ಆರಿಸಿಕೊಂಡಿದ್ದಳು. ಮುಂದಿನ ಎರಡು ಹಲ್ಲುಗಳಲ್ಲಿ ಒಂದಕ್ಕೆ ಮಾತ್ರ ವೆನೀರ್ ಹಾಕಿ, ಪಕ್ಕದ ಹುಟ್ಟುಹಲ್ಲಿಗೂ ಅದಕ್ಕೂ ಬಣ್ಣದಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವೂ ಬಾರದಂತೆ ನೋಡಿಕೊಳ್ಳುವುದು.

"ಶಾಂತವೀರಣ್ಣ, ಇನ್ನೊಂದೇ ಸಲ ಮಾಡಿಕೊಡ್ರಿ, ಕೈ ಮುಗೀತೀನಿ," ಎಂದು ಅವಳು ಲ್ಯಾಬಿನ ಬಾಗಿಲಲ್ಲಿ ನಿಂತು ಗೋಗರೆದಿದ್ದಳು. "ನಮ್ಮಪ್ಪ ಹರಿಹರದಾಗೆ ಕ್ಲಿನಿಕ್ಕಿಗೆ ಮಳಿಗೆ ನೋಡಿಟ್ಟಾರೆ. ಬೋರ್ಡೂ ಬರೆಸಿಬಿಟ್ಟಾರೆ. ನಾನು ಫೇಲಾದ್ರೆ ಆ ಬೋರ್ಡು ಮಂಚದ ಕೆಳಗೆ ಹೋಗ್ತೈತೆ."

"ಬೋರ್ಡ್ ಬರೆಸೋದಕ್ಕೆ ಅಷ್ಟೊಂದು ಅವಸರ ಏನಿತ್ತವ್ವಾ ನಿಮ್ಮಪ್ಪಂಗೆ?" ಎಂದು ಗೊಣಗಿಕೊಂಡೇ ಶಾಂತವೀರ ನನ್ನನ್ನು ಮಾಡಿದ. ಮಾಡಿ ಮುಗಿಸಿ ಬೆಳಕಿಗೆ ಹಿಡಿದು ನೋಡಿ, "ಇದು ಹಲ್ಲು," ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನು ಉಬ್ಬಿಹೋದೆ.

ಇನ್ನು ಆ ಬಾಯಿಯ ಒಡತಿಯ ವಿಷಯ. ಹೆಸರು ಕೊಟ್ರಮ್ಮ, ವಯಸ್ಸು ಐವತ್ತರ ಹತ್ತಿರ. ಗಂಡ ಹಾಲೇಶಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದ. ಅವನ ದವಡೆ ಹಲ್ಲು ಕೀಳಿಸಲು ಜೊತೆಗೆ ಬಂದವಳು ಹೊರಗೆ ಬೆಂಚಿನ ಮೇಲೆ ಕೂತು ಯಾರದೋ ಮಾತಿಗೆ ನಕ್ಕಳಂತೆ. ನಗುವಾಗ ಅಂಗೈ ತಾನಾಗಿ ಬಾಯಿಗೆ ಅಡ್ಡ ಬಂತಂತೆ. ಕೇಸು ಹುಡುಕಿಕೊಂಡು ಆ ಸಾಲಿನಲ್ಲಿ ಸುತ್ತುತ್ತಿದ್ದ ಸಫೀನಾಳ ಕಣ್ಣಿಗೆ ಬಿದ್ದಿದ್ದೇ ಆ ಕೈ.

"ಆಂಟಿ, ಒಂದ್ಸಲ ಕೈ ತೆಗೀರಿ."

"ಅಯ್ಯ, ಬ್ಯಾಡ ಬಿಡವ್ವಾ. ಮುಕ್ಕು ಹಲ್ಲು ನೋಡಿ ಏನ್ ಮಾಡ್ತೀಯ?"

ತೆಗೆಸಿ ನೋಡಿದರೆ ಎಡಗಡೆಯ ಮುಂದಿನ ಹಲ್ಲಿನ ಅಂಚಿನಲ್ಲಿ ಅರಕ್ಕೆ ಕೊಟ್ಟು ಉಜ್ಜಿದಂಥ ಒಂದು ಕಚ್ಚು. ಇದನ್ನು ಸರಿಮಾಡಿಕೊಡುತ್ತೇನೆ, ನಿಮಗೆ ಏನೂ ಖರ್ಚಿಲ್ಲ, ಬಂದು ಕೂತರೆ ಸಾಕು ಎಂದಳು ಸಫೀನಾ. ಕೊಟ್ರಮ್ಮ ಒಪ್ಪಿದಳು. ಆಮೇಲೆ ಡಾಕ್ಟರರು ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಸಫೀನಾ ಕ್ರಮವಾಗಿಯೇ ಕೇಳಿದಳು. ಇದು ಹೇಗಾಯಿತು? "ಸಣ್ಣಾಕಿ ಇದ್ದಾಗ ಬೋರಿಂಗ್ ಹತ್ರ ಬಿದ್ದಿದ್ದೆ, ಅದಕ್ಕೇ ಇರ್ಬೇಕು." ಸಕ್ಕರೆ ಕಾಯಿಲೆ? ಇಲ್ಲ. ಬಿ.ಪಿ.? ಇಲ್ಲ. ಏನು ಕೆಲಸ ಮಾಡುತ್ತೀರಿ?

"ಏನೂ ಇಲ್ಲವ್ವಾ. ಮನೇಲಿರ್ತೀನಿ."

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನ್ನ ಬಾಳು ಮಣ್ಣುಪಾಲಾಗಿದ್ದು ಈ ಮಾತಿನಿಂದ. ಸಫೀನಾ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದಳು. ಹೋಗದೆ ಏನು ಮಾಡಿಯಾಳು? ಮನೆಯಲ್ಲಿರುತ್ತೇನೆ ಎಂದು ಹೇಳುವ ಹೆಂಗಸನ್ನು ಮನೆಯಲ್ಲಿ ಏನು ಮಾಡುತ್ತೀರಿ ಎಂದು ನಮ್ಮಲ್ಲಿ ಯಾರು ಕೇಳುತ್ತಾರೆ?

ನನ್ನನ್ನು ಕೂರಿಸಿದ ದಿನ ಹಬ್ಬದಂತಿತ್ತು ಎಂದು ಹೇಳದಿದ್ದರೆ ನನ್ನ ಬಾಯಿಗೆ ಹುಳ ಬಿದ್ದೀತು. ಸಫೀನಾ ಹಲ್ಲನ್ನು ತೊಳೆದು, ಒಣಗಿಸಿ, ಅದಕ್ಕೆಂದೇ ಇರುವ ಅಂಟು ಹಚ್ಚಿ, ಉಸಿರು ಬಿಗಿಹಿಡಿದು ನನ್ನನ್ನು ಜಾಗಕ್ಕೆ ಕೂರಿಸಿ ನೀಲಿ ಬೆಳಕು ಹಾಯಿಸಿದಳು. ಅಂಟು ಕಲ್ಲಾಯಿತು. ಕನ್ನಡಿ ಕೊಟ್ಟಾಗ ಕೊಟ್ರಮ್ಮ ನಗಲು ಹೋದಳು, ರೂಢಿಯಂತೆ ಕೈ ಮೇಲೆದ್ದಿತು, ಅರ್ಧಕ್ಕೆ ನಿಂತಿತು, ಮೆಲ್ಲಗೆ ಕೆಳಗಿಳಿಯಿತು. "ಇದು ನಂದಾ?" ಎಂದು ಕೇಳಿದಳು. ಕಣ್ಣಲ್ಲಿ ನೀರು. ಸಫೀನಾಳ ಕಣ್ಣಲ್ಲೂ ನೀರು. ನನಗೆ ಕಣ್ಣಿಲ್ಲದೆ ಹೋಯಿತು.

"ಇನ್ನು ಪರೀಕ್ಷೆ ಮುಗಿಯೋ ತನಕ ಇದು ನನ್ನ ಪ್ರಾಣ ಆಂಟಿ," ಎಂದಳು ಸಫೀನಾ. "ಚಕ್ಕುಲಿ ಕಚ್ಚಬೇಡ್ರಿ. ಕೋಡುಬಳೆ ಬ್ಯಾಡ. ನಿಪ್ಪಟ್ಟು, ಕಬ್ಬು, ಕೊಬ್ಬರಿ, ಸೀಬೆಕಾಯಿ ಯಾವುದೂ ಈ ಹಲ್ಲಾಗೆ ಕಚ್ಚಬೇಡ್ರಿ."

"ನಿನ್ನಾಣೆ ಮುಟ್ಟಲ್ಲವ್ವಾ," ಎಂದು ಕೊಟ್ರಮ್ಮ ಗಲ್ಲ ಮುಟ್ಟಿಕೊಂಡಳು.

ಮನೆಗೆ ಹೋದೆವು. ಮಾರನೆಯ ಬೆಳಿಗ್ಗೆ ಕೊಟ್ರಮ್ಮ ಸ್ನಾನ ಮಾಡಿ, ಕೊಟ್ಟೂರು ಬಸವಣ್ಣನ ಪಟಕ್ಕೆ ಊದುಬತ್ತಿ ಬೆಳಗಿ, ಕಿಟಕಿಯ ಪಕ್ಕ ಒಂದು ಸ್ಟೂಲಿನ ಮೇಲೆ ಕೂತಳು. ಟಕಟಕಟಕ ಎಂದು ಏನೋ ಓಡತೊಡಗಿತು. ಇದೇನು ರೈಲು ಬಂತೇ ಎಂದು ತುಟಿಯ ಸಂದಿಯಿಂದ ಇಣುಕಿ ನೋಡಿದರೆ ಹೊಲಿಗೆ ಮಷಿನ್ನು! ಸುತ್ತ ಬಟ್ಟೆಯ ಗುಡ್ಡ. ಮೊಳೆಗೆ ನೇತುಹಾಕಿದ ಹದಿನೈದಿಪ್ಪತ್ತು ರವಿಕೆಗಳು. ಹಳೆಯ ಬಿಸ್ಕತ್ ಡಬ್ಬಿ ತುಂಬ ಗುಂಡಿ, ಹುಕ್ಕು. ಬಾಗಿಲಲ್ಲಿ ಒಬ್ಬಳು, "ಕೊಟ್ರಕ್ಕ, ನನ್ ಬ್ಲೌಸ್ ಆಯ್ತಾ?" ಎಂದರೆ ಗೇಟಿನಲ್ಲಿ ಇನ್ನೊಬ್ಬಳು, "ಕೊಟ್ರಕ್ಕ, ತೋಳು ಬಿಗಿಯಾಗೈತೆ." ಅಲ್ಲ, ಮೂವತ್ತು ವರ್ಷದಿಂದ ಅರ್ಧ ಬಡಾವಣೆಗೆ ರವಿಕೆ ಹೊಲಿದುಕೊಟ್ಟ ಹೆಂಗಸು ಇವಳು! ಏನೂ ಇಲ್ಲವಂತೆ, ಮನೇಲಿರ್ತಾಳಂತೆ!

ಅದಾದರೂ ಹೋಗಲಿ ಎನ್ನಿ. ಹೊಲಿಗೆಯ ಕೊನೆಗೆ ಬಂದಳು. ಬಟ್ಟೆ ಎಳೆದಳು. ದಾರ ಉದ್ದಕ್ಕೆ ಬಂತು. ಕೊಟ್ರಮ್ಮ ಮುಂದಕ್ಕೆ ಬಾಗಿದಳು. ಎಡಗಡೆಯ ಮುಂದಿನ ಹಲ್ಲಿಗೆ, ಅಂದರೆ ನನ್ನ ಕುತ್ತಿಗೆಗೆ, ದಾರ ಸಿಕ್ಕಿಸಿಕೊಂಡು ಕಟಕ್ ಎಂದು ತುಂಡು ಮಾಡಿದಳು.

ಆ ಕಚ್ಚು ಎಲ್ಲಿಂದ ಬಂದಿತ್ತೆಂದು ನನಗೆ ಆಗ ತಿಳಿಯಿತು. ಬೋರಿಂಗೂ ಇಲ್ಲ, ಬಿದ್ದಿದ್ದೂ ಇಲ್ಲ. ಮೂವತ್ತು ವರ್ಷದ ದಾರ ಹಗ್ಗ ತೇಯ್ದ ಬಾವಿಕಟ್ಟೆಯಂತೆ ಹಲ್ಲನ್ನು ತೇಯ್ದಿತ್ತು. ಅದೇ ಜಾಗದಲ್ಲಿ ಈಗ ನಾನು ಕೂತಿದ್ದೆ.

ಕೂಗಿಕೊಂಡೆ. ಹಲ್ಲಿನ ಕೂಗು ಯಾರಿಗೆ ಕೇಳುತ್ತದೆ? ಮಷಿನ್ನಿನ ಪಕ್ಕದಲ್ಲಿ ಮೊಳದುದ್ದದ ಕತ್ತರಿ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು, ಮಹಾರಾಯರೇ, ಇತ್ತು. ಆದರೆ ಅದು ಯಾವಾಗಲೂ ಬಟ್ಟೆಯ ಗುಡ್ಡದ ಕೆಳಗೆ ಹೂತುಹೋಗಿರುತ್ತಿತ್ತು. ಕತ್ತರಿಯನ್ನು ಹುಡುಕಬೇಕು, ಬಾಯಿಯನ್ನು ಹುಡುಕಬೇಕಾಗಿಲ್ಲವಲ್ಲ.

ಹಾಗೆಂದು ಕೊಟ್ರಮ್ಮ ಮಾತು ತಪ್ಪುವ ಹೆಂಗಸೇ? ಅಲ್ಲವೇ ಅಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು! ಸಫೀನಾ ಹೇಳಿದ್ದನ್ನೆಲ್ಲ ವ್ರತದಂತೆ ಪಾಲಿಸಿದಳು. ಚಕ್ಕುಲಿಯನ್ನು ಚಹಾದಲ್ಲಿ ಅದ್ದಿ ಮೆತ್ತಗೆ ಮಾಡಿ ತಿಂದಳು. ಬೆಣ್ಣೆ ದೋಸೆಯ ಗರಿಗರಿ ಅಂಚನ್ನು ಮುರಿದು ಗಂಡನ ತಟ್ಟೆಗೆ ಹಾಕಿದಳು. ಮಂಡಕ್ಕಿ ತಿನ್ನುವಾಗಲೂ ನಡುವೆ ಒಂದು ಶೇಂಗಾ ಕಾಳು ಬಂದರೆ ತೆಗೆದು ಬದಿಗಿಟ್ಟಳು. "ಏನಾತೇ ನಿಂಗೆ? ಹಲ್ಲಿರೋರು ಹಿಂಗೆ ತಿಂತಾರಾ?" ಎಂದು ಹಾಲೇಶಪ್ಪ ನಕ್ಕರೆ, "ಆ ಹುಡ್ಗಿಗೆ ಮಾತು ಕೊಟ್ಟೀನಿ ಕಣ್ರೀ, ಸುಮ್ಕಿರ್ರಿ," ಎಂದು ಗದರುತ್ತಿದ್ದಳು. ಗದರಿ, ತಿರುಗಿ, ಕಟಕ್! ದಾರ ತಿನ್ನುವ ಪದಾರ್ಥ ಅಲ್ಲವಲ್ಲ! ಪಟ್ಟಿಯಲ್ಲಿ ಅದನ್ನು ಯಾರೂ ಹೇಳಿರಲಿಲ್ಲವಲ್ಲ!

ಇತ್ತ ಸಫೀನಾಳ ಆತಂಕ ಬೇರೆ. ಪರೀಕ್ಷೆಯ ಪೇಷಂಟ್ ಎಂದರೆ ಡೆಂಟಲ್ ಕಾಲೇಜಿನಲ್ಲಿ ಬೀಗರಿದ್ದ ಹಾಗೆ. ಮುನಿಸಿಕೊಳ್ಳಬಾರದು, ಊರಿಗೆ ಹೋಗಬಾರದು, ಜ್ವರ ಬರಬಾರದು. ಬೆಳಿಗ್ಗೆ ಒಂದು ಫೋನು, ಸಂಜೆ ಒಂದು ಫೋನು. "ಆಂಟಿ, ಊಟ ಆಯ್ತಾ? ಹಲ್ಲು ಹೆಂಗೈತೆ?" ಒಂದು ದಿನ ಖರ್ಜೂರದ ಪೊಟ್ಟಣ ಹಿಡಿದು ಸ್ಕೂಟರಿನಲ್ಲಿ ಗೇಟಿನ ತನಕ ಬಂದಳು. ಅಂಗಳಕ್ಕೆ ಹೋದ ಕೊಟ್ರಮ್ಮ, "ಒಳಗೆ ಬಾರವ್ವಾ," ಎಂದು ಕರೆದರೆ, "ಓದೋದೈತೆ ಆಂಟಿ," ಎಂದು ಹೊರಟೇಬಿಟ್ಟಳು. ಒಳಗೆ ಮಷಿನ್ನಿನ ಮೇಲೆ ಅರ್ಧ ಹೊಲಿದ ತೋಳು ಬಿದ್ದಿತ್ತು. ಒಂದು ಹೆಜ್ಜೆ, ತಾಯೀ, ಒಂದೇ ಒಂದು ಹೆಜ್ಜೆ ಹೊಸ್ತಿಲು ದಾಟಿದ್ದರೆ! ಯಾರಿಗೆ ಹೇಳಲಿ ನನ್ನ ಸಂಕಟ.

ಪರೀಕ್ಷೆಯ ಹಿಂದಿನ ದಿನ ಸಂಜೆ ಆಗಬೇಕಾದ್ದು ಆಯಿತು. ಮದುಮಗಳ ರವಿಕೆ, ಗಿಳಿಹಸಿರು ರೇಷ್ಮೆ, ಬೆನ್ನಿಗೆ ಕುಂದನ್ ಕಲ್ಲಿನ ಸಾಲು, ಕಟ್ಟುವ ಲಾಡಿಗೆ ಕುಚ್ಚು. ಕುಚ್ಚು ಬಿಗಿಯಲು ನಾಲ್ಕೆಳೆ ಸೇರಿಸಿ ಹುರಿ ಮಾಡಿದ್ದಳು. ಅದನ್ನು ತುಂಡು ಮಾಡಲು ಬಾಗಿದಳು. ಬೇಡ ಬೇಡ ಎಂದೆ. ಒಮ್ಮೆ ಎಳೆದಳು, ಆಗಲಿಲ್ಲ. ತಲೆ ಓರೆ ಮಾಡಿ ಇನ್ನೊಮ್ಮೆ ಎಳೆದಳು. ಟಿಕ್ ಎಂದಿತು. ಹುರಿಯೂ ಹರಿಯಿತು, ನಾನೂ ಹೊರಗೆ ಬಂದು ಗಿಳಿಹಸಿರು ರೇಷ್ಮೆಯ ಮೇಲೆ ಅಂಗಾತ ಬಿದ್ದೆ.

ಕೊಟ್ರಮ್ಮನ ನಾಲಿಗೆ ಖಾಲಿ ಜಾಗ ಮುಟ್ಟಿ ನೋಡಿತು.

"ಅಯ್ಯಯ್ಯೋ... ರೀ! ಹಲ್ಲು ಬಿತ್ತು! ಆ ಹುಡ್ಗಿ ಹಲ್ಲು ಬಿತ್ತು!"

ಹಾಲೇಶಪ್ಪ ಓಡಿ ಬಂದ. "ಡಾಕ್ಟ್ರಮ್ಮಂಗೆ ಫೋನ್ ಮಾಡೇ ಮೊದ್ಲು."

ಒಳ್ಳೆಯ ಮಾತು. ಇಡೀ ಕಥೆಯಲ್ಲಿ ಯಾರಾದರೂ ಬುದ್ಧಿ ಇರುವ ಮಾತು ಆಡಿದ್ದರೆ ಅದು ಇದೊಂದೇ. ಕೊಟ್ರಮ್ಮ ಫೋನು ಕೈಗೆತ್ತಿಕೊಂಡಳು. ನೋಡಿದಳು. ಕೆಳಗಿಟ್ಟಳು. "ನಾಳೆ ಪರೀಕ್ಷೆ ಇಟ್ಕೊಂಡು ಕೂತಿರೋ ಮಗಿಗೆ ಈಗ ಹೆಂಗೆ ಹೇಳ್ಲಿ? ಎದೆ ಒಡ್ಕೊಂತಾಳೆ. ಬ್ಯಾಡ, ನಾನೇ ಏನಾರ ಮಾಡ್ತೀನಿ."

ಏನು ಮಾಡಿದಳು ಗೊತ್ತೇ? ಕುಂದನ್ ಕಲ್ಲು ಅಂಟಿಸುವ ಗಮ್ಮಿನ ಟ್ಯೂಬು ತೆಗೆದಳು! "ಈ ಗಮ್ ಹಾಕಿ ಅಂಟಿಸಿದ ಕಲ್ಲು ಎಷ್ಟು ಒಗೆದ್ರೂ ಬಿಚ್ಚಲ್ಲ, ಹಲ್ಲು ಬಿಚ್ತೈತಾ?" ಎಂದಳು. ಶಾಂತವೀರ ಮೂರು ಸಲ ಕುಲುಮೆಗೆ ಇಳಿಸಿ ಮಾಡಿದ, ಸಫೀನಾ ಉಸಿರು ಹಿಡಿದು ಕೂರಿಸಿದ ನನ್ನ ಬೆನ್ನಿಗೆ ರವಿಕೆಯ ಗಮ್ಮು! ಬೀರುವಿನ ಕನ್ನಡಿಯ ಮುಂದೆ ನಿಂತು ನನ್ನನ್ನು ಹಲ್ಲಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಸವಣ್ಣಾ ಬಸವಣ್ಣಾ ಎಂದು ಕಣ್ಣು ಮುಚ್ಚಿಕೊಂಡಳು. ಅವಳ ಬೆರಳಿಗೆ ಅಂಟಿದ್ದ ಹುರಿಯ ಒಂದೆಳೆ ನನ್ನ ಅಡಿಯಲ್ಲಿ ಸಿಕ್ಕಿಕೊಂಡಿದ್ದು ಅವಳಿಗೆ ಕಾಣಲಿಲ್ಲ. ನನಗೆ ಮಾತ್ರ ಮುಳ್ಳಿನಂತೆ ಚುಚ್ಚುತ್ತಿತ್ತು. ನನ್ನ ಅಂಚೂ ಒಂದು ಕಡೆ ಮುಕ್ಕಾಗಿತ್ತು. ಮುಕ್ಕು ಮುಚ್ಚಲು ಬಂದವಳಿಗೇ ಮುಕ್ಕು!

ಬೆಳಿಗ್ಗೆ ಸಫೀನಾ ಸ್ಕೂಟರ್ ತಂದಳು. "ಆಂಟಿ, ಸ್ವಲ್ಪ ನಗ್ರಿ." ಕೊಟ್ರಮ್ಮ ತುಟಿ ಅರ್ಧ ತೆರೆದಳು. "ಸ್ವಲ್ಪ ಮುಂದಕ್ಕೆ ಬಂದಂಗೆ ಕಾಣ್ತೈತಲ್ಲ ಆಂಟಿ?"

"ನಿಂಗೆ ಭಯ ಹತ್ತೈತೆ, ಅದಕ್ಕೇ ಹಂಗೆ ಕಾಣ್ತೈತೆ. ನಡಿಯವ್ವಾ, ಹೊತ್ತಾಯ್ತು."

ಪರೀಕ್ಷೆಯ ಕೋಣೆಯಲ್ಲಿ ಕುರ್ಚಿಗಳ ಸಾಲು, ಪ್ರತಿ ಕುರ್ಚಿಯಲ್ಲೊಬ್ಬ ರೋಗಿ, ಪ್ರತಿ ರೋಗಿಯ ಪಕ್ಕ ಬೆವರುತ್ತಿರುವ ಒಬ್ಬ ವಿದ್ಯಾರ್ಥಿ. ಪರವೂರಿನಿಂದ ಬಂದ ಪರೀಕ್ಷಕರು ನರೆಗೂದಲಿನ, ಮೆಲುದನಿಯ ಮನುಷ್ಯ. ಒಂದೊಂದೇ ಬಾಯಿ ನೋಡುತ್ತಾ ನಮ್ಮ ಹತ್ತಿರ ಬಂದರು. ಸಫೀನಾ ಬಣ್ಣ ಹೊಂದಿಸಿದ್ದನ್ನು, ಅಚ್ಚು ತೆಗೆದದ್ದನ್ನು, ಅಂಟಿಸಿದ್ದನ್ನು ಗಿಳಿಯಂತೆ ಒಪ್ಪಿಸಿದಳು. ಅವರು ತಲೆದೂಗಿದರು. "ಬಣ್ಣ ಚೆನ್ನಾಗಿ ಕೂಡಿದೆ," ಎಂದರು. ಸಫೀನಾಳ ಮುಖ ಅರಳಿತು. ಕೊಟ್ರಮ್ಮ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಇನ್ನೇನು ಅವರು ಮುಂದಕ್ಕೆ ಹೋಗಬೇಕು, ಏನೋ ಕಂಡಂತಾಗಿ ಮತ್ತೆ ಬಗ್ಗಿದರು. ಸಣ್ಣ ಚಿಮಟದಿಂದ ನನ್ನ ಅಂಚಿನ ಕೆಳಗೆ ಏನನ್ನೋ ಹಿಡಿದು ಎಳೆದರು.

ಹಸಿರು ದಾರ. ಎಳೆದಷ್ಟೂ ಬಂತು. ದಾರದ ಹಿಂದೆಯೇ ನಾನೂ ಬಂದೆ.

ಪರೀಕ್ಷಕರು ಒಂದು ಕೈಯಲ್ಲಿ ದಾರ, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದು, ನನ್ನ ಬೆನ್ನಿನ ಹಳದಿ ಗಮ್ಮನ್ನು ನೋಡಿ, "ಇದು ಯಾವ ಸಿಮೆಂಟಮ್ಮ?" ಎಂದು ಕೇಳಿದರು. "ನಿಮ್ಮ ಪೇಷಂಟ್ ಏನು ಕೆಲಸ ಮಾಡುತ್ತಾರೆ?"

"ಹೌಸ್‌ವೈಫ್ ಸಾರ್," ಎಂದಳು ಸಫೀನಾ ಪಿಸುದನಿಯಲ್ಲಿ.

"ಅಲ್ಲ ಸಾರ್." ಕೊಟ್ರಮ್ಮ ಕುರ್ಚಿಯಲ್ಲಿ ಎದ್ದು ಕೂತಳು. ಮುಕ್ಕು ಹಲ್ಲು ಎಲ್ಲರಿಗೂ ಕಾಣುತ್ತಿತ್ತು, ಕೈ ಅಡ್ಡ ಹಿಡಿಯಲು ಮರೆತಿದ್ದಳು. "ಆಕಿ ತಪ್ಪಿಲ್ಲ. ನಾನು ಬಟ್ಟೆ ಹೊಲೀತೀನಿ. ದಾರ ಹಲ್ಲಾಗೆ ಕಡೀತೀನಿ. ನಿನ್ನೆ ಬಿತ್ತು, ಕಲ್ಲಿನ ಗಮ್ ಹಾಕಿ ನಾನೇ ಅಂಟಿಸ್ದೆ. ಆಕಿಗೆ ಹೇಳ್ಲಿಲ್ಲ."

ಸಫೀನಾ ಅವಳತ್ತ ತಿರುಗಿದಳು. "ಮನೇಲಿರ್ತೀನಿ ಅಂದ್ರಲ್ಲ ಆಂಟಿ?"

"ಮನೇಲೇ ಹೊಲಿಯೋದಲ್ಲೇನವ್ವಾ."

ಪರೀಕ್ಷಕರು ಕೆಟ್ಟವರಲ್ಲ. ಬೈಯಲೂ ಇಲ್ಲ. "ಹಲ್ಲು ಯಾಕೆ ಸವೆಯಿತು ಎಂದು ತಿಳಿಯದೆ ಸವೆದ ಹಲ್ಲಿಗೆ ಹೊದಿಕೆ ಹಾಕಿದ್ದೀರಿ, ಡಾಕ್ಟರ್," ಎಂದರು. ಅಷ್ಟೇ. ಮುಂದಿನ ಕುರ್ಚಿಗೆ ಹೋದರು. ಸಫೀನಾ ಫೇಲಾದಳು.

ಹೊರಗೆ ಮೆಟ್ಟಿಲ ಮೇಲೆ ಕೂತು ಸಫೀನಾ ಅತ್ತಳು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಶಬ್ದವಿಲ್ಲದೆ, ಭುಜ ಮಾತ್ರ ಅಲುಗುವಂತೆ ಅತ್ತಳು. ಕೊಟ್ರಮ್ಮ ಟ್ರೇಯಿಂದ ನನ್ನನ್ನು ಎತ್ತಿಕೊಂಡು ಹತ್ತಿಯಲ್ಲಿ ಸುತ್ತಿ ಮುಷ್ಟಿಯಲ್ಲಿಟ್ಟುಕೊಂಡಿದ್ದಳು. ಆ ಮುಷ್ಟಿ ಬೆವೆತು ಒದ್ದೆಯಾಗಿತ್ತು.

"ಬೈಯವ್ವಾ ನನ್ನ. ಒಂದು ಮಾತು ಬೈದುಬಿಡು."

"ಏನಂತ ಬೈಲಿ ಆಂಟಿ? ಖರ್ಜೂರ ಕೊಡಾಕೆ ಗೇಟ್ ತನಕ ಬಂದಿದ್ದೆ. ಅಂಗಳಕ್ಕೆ ನೀವು ಬರೋ ತನಕ ಮಷಿನ್ ಸದ್ದು ಕೇಳಿಸ್ತಿತ್ತು. ಪಕ್ಕದ ಮನೇದು ಅಂದ್ಕೊಂಡೆ." ಮೂಗು ಒರೆಸಿಕೊಂಡಳು. "ಅಪ್ಪಂಗೆ ಏನಂತ ಹೇಳ್ಲಿ? ಬೋರ್ಡಿಗೆ ಲೈಟ್ ಹಾಕಿಸ್ಲಾ ಅಂತ ನಿನ್ನೆ ಕೇಳಿದ್ರು."

ಕೊಟ್ರಮ್ಮ ಸೆರಗಿನ ತುದಿಯಿಂದ ಅವಳ ಕೆನ್ನೆ ಒರೆಸಿದಳು. ಆಮೇಲೆ ಕೇಳಿದಳು. "ಮತ್ತೆ ಯಾವಾಗ ಪರೀಕ್ಷೆ?"

"ಆರು ತಿಂಗ್ಳಿಗೆ."

"ಬ್ಯಾರೆ ಯಾರನ್ನೂ ಹುಡುಕ್ಬ್ಯಾಡ. ನಾನೇ ಬರ್ತೀನಿ. ಇದೇ ಹಲ್ಲಿಗೆ ಹಾಕು."

"ಮತ್ತೆ ದಾರ?"

"ಬಿಡ್ತೀನಿ."

ಮುಷ್ಟಿಯೊಳಗಿದ್ದ ನನಗೆ ನಗು ಬಂತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನಂತೆ ಕುಲುಮೆಯಲ್ಲಿ ಬೆಂದವಳೂ ಅಲ್ಲ, ಇವಳು ಬಿಡುತ್ತಾಳಂತೆ, ದಾರ ಕಡಿಯುವುದನ್ನು! ಬಿಟ್ಟ ಹಾಗೇ.

ಅಂಚು ಮುಕ್ಕಾಗಿ, ಬೆನ್ನಿಗೆ ಗಮ್ಮು ಮೆತ್ತಿಕೊಂಡ ನಾನು ಮತ್ತೆ ಹಲ್ಲಿಗೆ ಕೂರುವಂತಿರಲಿಲ್ಲ. ಬಿಸಾಡಲು ಕೊಟ್ರಮ್ಮನಿಗೆ ಮನಸ್ಸು ಬರಲಿಲ್ಲ. ಮಷಿನ್ನಿನ ಮೇಲಿನ ಬಿಸ್ಕತ್ ಡಬ್ಬಿಗೆ, ಗುಂಡಿ ಹುಕ್ಕುಗಳ ನಡುವೆ ಹಾಕಿದಳು. ಡಬ್ಬಿಗೆ ಮುಚ್ಚಳವಿಲ್ಲ. ಅಲ್ಲಿಂದ ಎಲ್ಲವೂ ಕಾಣುತ್ತದೆ, ಕೇಳುತ್ತದೆ.

ಸಫೀನಾ ಈ ಸಲ ಹೊಸ್ತಿಲು ದಾಟಿ ಒಳಗೆ ಬಂದಳು. ಒಂದು ಮಧ್ಯಾಹ್ನ ಪೂರ್ತಿ ಚಾಪೆಯ ಮೇಲೆ ಕೂತು ಕೊಟ್ರಮ್ಮ ಹೊಲಿಯುವುದನ್ನು ನೋಡಿದಳು. ಕೊಟ್ರಮ್ಮ ಅವಳೆದುರಿಗೇ ಮಾತಾಡುತ್ತ ಮಾತಾಡುತ್ತ ಕಟಕ್ ಎನಿಸಿದಳು. ಎನಿಸಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಸಫೀನಾ ಒಂದು ಪುಟ್ಟ ಕತ್ತರಿ ತಂದಿದ್ದಳು, ಅದನ್ನು ರಿಬ್ಬನ್ನಿಗೆ ಕಟ್ಟಿ ಕೊಟ್ರಮ್ಮನ ಕೊರಳಿಗೆ ಹಾಕಿದಳು. ಕಾಲೇಜಿನಿಂದ ಮಾಸ್ಕಿನ ಒಂದು ಡಬ್ಬಿಯನ್ನೂ ತಂದಿಟ್ಟಳು. ಮಷಿನ್ನಿಗೆ ಕೂತಾಗಲೆಲ್ಲ ಇದು ಮೂತಿಗಿರಬೇಕು ಎಂದು 'ಆರ್ಡರ್' ಮಾಡಿದಳು.

ಮೊದಲ ವಾರ ಕೊಟ್ರಮ್ಮ ಮಾಸ್ಕಿನ ಸಮೇತ ದಾರ ಕಚ್ಚಿದಳು! ನಾನು ಹಣೆ ಚಚ್ಚಿಕೊಳ್ಳೋಣವೆಂದರೆ ಹಣೆಯಿಲ್ಲ. ಬಂದವರೆಲ್ಲ, "ಏನ್ ಕೊಟ್ರಕ್ಕ, ಕೊರೊನಾ ಮತ್ತೆ ಬಂತಾ?" ಎಂದು ಕೇಳುವವರೇ. "ಇಲ್ಲ, ಹಲ್ಲಿಗೆ ಕಾವಲು," ಎನ್ನುತ್ತಿದ್ದಳು. ಕೆಲಸ ನಿಧಾನವಾಯಿತು. ದಾರ ಹಿಡಿದ ಕೈ ಬಾಯಿಯ ತನಕ ಬಂದು, ನಿಂತು, ಕೊರಳಿಗಿಳಿದು ಕತ್ತರಿ ತಡಕುವುದರೊಳಗೆ ಹಿಂದಿನ ಕಾಲವಾದರೆ ಮೂರು ಹುಕ್ಕು ಹಚ್ಚಿರುತ್ತಿದ್ದಳು. ಮದುವೆಯ ಸುಗ್ಗಿಯಲ್ಲಿ ಒಂದು ದಿನ ಮಾಸ್ಕ್ ಕಿತ್ತೆಸೆದು, "ಹಾಳಾಗಿ ಹೋಗ್ಲಿ, ಒಂದ್ಸಲ ಕಡಿದ್ರೆ ಏನಾಗ್ತೈತೆ?" ಎಂದು ದಾರ ಹಲ್ಲಿಗಿಟ್ಟುಕೊಂಡಳು. 'ನಾನು ಹೇಳಲಿಲ್ಲವೇ?' ಎಂದು ಇನ್ನೇನು ಅನ್ನಬೇಕು, ಅಷ್ಟರಲ್ಲಿ ಅವಳ ಕಣ್ಣು ಡಬ್ಬಿಯೊಳಗಿನ ನನ್ನ ಮೇಲೆ ಬಿತ್ತು. ಹಾಗೇ ನೋಡಿದಳು. "ಆ ಹುಡ್ಗಿ ಬೋರ್ಡು ಇನ್ನೂ ಮಂಚದ ಕೆಳಗೈತೆ," ಎಂದು ತನಗೆ ತಾನೇ ಹೇಳಿಕೊಂಡು, ದಾರ ಬಾಯಿಂದ ತೆಗೆದು ಕತ್ತರಿ ಹುಡುಕಿದಳು.

ಆಮೇಲೆ ಆ ಕಟಕ್ ಶಬ್ದ ಆ ಮನೆಯಲ್ಲಿ ನನಗೆ ಕೇಳಿಸಲಿಲ್ಲ. ದಾರ ಬಿಟ್ಟಿದ್ದು ಖಾತ್ರಿಯಾದ ಮೇಲೆಯೇ ಸಫೀನಾ ಶಾಂತವೀರನಿಂದ ಹೊಸಬಳನ್ನು ಮಾಡಿಸಿ ಅದೇ ಹಲ್ಲಿಗೆ ಕೂರಿಸಿದಳು. ನನ್ನ ತಂಗಿ. ನನಗಿಂತ ಚೆನ್ನಾಗಿದ್ದಾಳೆ ಎಂದು ನಾನಂತೂ ಹೇಳುವುದಿಲ್ಲ.

ಎರಡನೆಯ ಪರೀಕ್ಷೆಗೆ ನನ್ನನ್ನು ಯಾರು ಕರೆದೊಯ್ಯುತ್ತಾರೆ? ಕೊಟ್ರಮ್ಮ ಮಧ್ಯಾಹ್ನ ಬಂದು ಗಂಡನಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. ಈ ಸಲ ಬೇರೆ ಪರೀಕ್ಷಕರು, ಸಿಡುಕು ಮುಖದ ಒಬ್ಬ ಮೇಡಂ. "ಪೇಷಂಟ್ ಏನ್ ಕೆಲಸ ಮಾಡ್ತಾರೆ?" ಎಂದು ಸಫೀನಾಳನ್ನು ಕೇಳಿದರಂತೆ.

"ಸಫೀನಾ ಬಾಯಿ ತೆಗೆಯೋಕೆ ಮೊದ್ಲೇ ನಾನಂದೆ ಕಣ್ರೀ," ಎಂದಳು ಕೊಟ್ರಮ್ಮ. "'ಟೈಲರ್ ಮೇಡಂ. ಮೂವತ್ತು ವರ್ಷ ಆಯ್ತು' ಅಂದೆ. ಕೊರಳಿನ ಕತ್ತರೀನೂ ತೋರಿಸ್ದೆ."

"ಅದಕ್ಕೆ ಆಯಮ್ಮ ಏನಂದ್ರು?"

"'ನನ್ ಬ್ಲೌಸಿನ ತೋಳು ಹಿಡಿಯುತ್ತೆ, ನೋಡ್ತೀರಾ?' ಅಂದ್ರು."

ಹಾಲೇಶಪ್ಪ ಗಹಗಹಿಸಿ ನಕ್ಕ. ಸಫೀನಾ ಪಾಸಾದಳು. ಹರಿಹರದಲ್ಲಿ ಬೋರ್ಡು ಮೇಲೆ ಹೋಯಿತು, ಲೈಟೂ ಬಂತು.

ಮೊನ್ನೆ ಅವಳು ಬಂದಿದ್ದಳು, ಬಿಳಿ ಬಟ್ಟೆ ಹಿಡಿದುಕೊಂಡು. ಕ್ಲಿನಿಕ್ಕಿನಲ್ಲಿ ಹಾಕಿಕೊಳ್ಳುವ ಕೋಟನ್ನು ಕೊಟ್ರಮ್ಮನೇ ಹೊಲಿಯಬೇಕಂತೆ. ಅಲ್ಲೇ ಕೂತು ಹೊಲಿಸಿಕೊಂಡಳು. ಕೊನೆಗೆ ಒಂದು ಗುಂಡಿ ಕಡಿಮೆ ಬಿತ್ತು. ಕೊಟ್ರಮ್ಮ ನೋಡದೆ ಡಬ್ಬಿಗೆ ಕೈ ಹಾಕಿ, ಬಿಳಿ ಗುಂಡಿ ಎಂದುಕೊಂಡು ನನ್ನನ್ನು ಎತ್ತಿ ಕೋಟಿನ ಮೇಲಿಟ್ಟಳು. ದಾರ ಪೋಣಿಸಲು ತೂತು ಹುಡುಕಿದಳು. ನನ್ನಲ್ಲಿ ತೂತೆಲ್ಲಿಂದ ಬರಬೇಕು? ಆಗ ನೋಡಿದಳು. ಸಫೀನಾಳೂ ನೋಡಿದಳು. ಆಮೇಲೆ ಕೊಟ್ರಮ್ಮ ನಕ್ಕಳು. ಎರಡೂ ಕೈಯನ್ನು ಕೋಟಿನ ಮೇಲೆ ಬಿಟ್ಟು, ಬಾಯಿ ತುಂಬ ನಕ್ಕಳು. ನನ್ನ ತಂಗಿ ಪಳಪಳ ಹೊಳೆದಳು.

ನನ್ನನ್ನು ಡಬ್ಬಿಗೆ ಹಾಕಿ, ಸರಿಯಾದ ಗುಂಡಿ ತೆಗೆದು ಹಚ್ಚಿ, ಗಂಟು ಬಿಗಿದಳು. ದಾರ ಉಳಿಯಿತು. ಮೂವತ್ತು ವರ್ಷದ ಕುತ್ತಿಗೆ ತಾನಾಗಿ ಮುಂದಕ್ಕೆ ಬಾಗಿತು. ಸಫೀನಾ ಉಸಿರು ಹಿಡಿದಳು, ನಾನೂ ಹಿಡಿದೆ. ಕೊಟ್ರಮ್ಮ ಅರ್ಧಕ್ಕೆ ನಿಂತು, ಕೊರಳಿನ ಕತ್ತರಿಯನ್ನು ಎತ್ತಿ ಸಫೀನಾಳ ಕೈಗಿತ್ತು, "ತಗೋ ಡಾಕ್ಟ್ರೇ, ನೀನೇ ಕಡಿ," ಎಂದಳು.

ಕಚ್ ಎಂದಿತು ದಾರ. ನನ್ನನ್ನು ಉಳಿಸಲು ಬೇಕಾಗಿದ್ದದ್ದು ಇಷ್ಟೇ. ನಾನು ಬಾಯಲ್ಲಿ ಕೂತು ಎಷ್ಟು ಕೂಗಿಕೊಂಡರೂ ಅವಳು ಬಿಡಲಿಲ್ಲ. ತನ್ನ ಸ್ವಂತ ಹಲ್ಲು ಮೂವತ್ತು ವರ್ಷ ಸವೆದರೂ ಬಿಡಲಿಲ್ಲ. ಯಾರದೋ ಮನೆಯ ಹುಡುಗಿ ಮೆಟ್ಟಿಲ ಮೇಲೆ ಕೂತು ಅತ್ತಿದ್ದಕ್ಕೆ ಬಿಟ್ಟಳು. ಇಂಥವರ ಮೇಲೆ ಸಿಟ್ಟು ಮಾಡಿಕೊಂಡು ಇರುವುದಾದರೂ ಹೇಗೆ, ನೀವೇ ಹೇಳಿ.